ಬಡಾವಣೆಯ ಮೆಕ್ಸಿಕನ್ ಹೋಟೆಲಿನಲ್ಲಿ ಊಟ: ಓದುಗರ ಪ್ರಶ್ನೆ, ನಮ್ಮ ಉತ್ತರ

ಅಮೆರಿಕದಲ್ಲಿ ನೆಲೆಸಿರುವ, ಅಲ್ಲಿಗೆ ಓದಲು ಹೋಗಿರುವ ಮತ್ತು ಮೆಕ್ಸಿಕೊ ಪ್ರವಾಸಕ್ಕೆ ಸಿದ್ಧರಾಗುತ್ತಿರುವ ಹಲವು ಓದುಗರು ಮೆಕ್ಸಿಕನ್ ಊಟದ ಬಗ್ಗೆ ಕೇಳಿದ್ದಾರೆ. ಎಲ್ಲರ ಪ್ರಶ್ನೆಗಳೂ ದುಬಾರಿ ರೆಸ್ಟೋರೆಂಟುಗಳನ್ನು ಬಿಟ್ಟು, ಒಂದು ಕುಟುಂಬ ನಡೆಸುವ, ಹತ್ತಿಪ್ಪತ್ತು ಮೇಜುಗಳ ಬಡಾವಣೆಯ ಹೋಟೆಲನ್ನು ಕುರಿತಾಗಿರುವುದರಿಂದ ಅವುಗಳನ್ನು ಒಟ್ಟಾಗಿ ತೆಗೆದುಕೊಳ್ಳಲಾಗಿದೆ.

ಪ್ರಶ್ನೆ: ನಮ್ಮ ಮನೆಯ ಹತ್ತಿರದ ಮೆಕ್ಸಿಕನ್ ಹೋಟೆಲಿನ ಮೆನುವಿನಲ್ಲಿ ಟಾಕೊ, ಟೋಸ್ಟಾಡಾ, ಎಂಚಿಲಾಡಾ, ಫ್ಲೌಟಾ, ಬುರ್ರಿಟೊ ಎಂದು ಹೆಸರುಗಳ ಸಾಲೇ ಇದೆ. ವಿವರಣೆ ಓದಿದರೆ ಎಲ್ಲದರಲ್ಲೂ ಅದೇ ಬೀನ್ಸ್, ಅದೇ ಚೀಸ್, ಅದೇ ಕೋಳಿ. ಇವುಗಳಲ್ಲಿ ನಿಜವಾಗಿ ವ್ಯತ್ಯಾಸ ಇದೆಯೇ?

ಉತ್ತರ: ಇದೆ, ಆದರೆ ಅದನ್ನು ನೀವು ಹುಡುಕುತ್ತಿರುವ ಜಾಗ ಬೇರೆ. ಈ ಹೆಸರುಗಳಲ್ಲಿ ಹೆಚ್ಚಿನವು ಒಳಗಿನ ಹೂರಣ ಯಾವುದೆಂದು ಹೇಳುವುದಿಲ್ಲ. ಟೋರ್ಟಿಯಾ ಎಂಬ ತೆಳುವಾದ ರೊಟ್ಟಿಯನ್ನು ಮಡಚಿದ್ದಾರೋ, ಸುತ್ತಿದ್ದಾರೋ, ಕರಿದಿದ್ದಾರೋ, ಸಾರಿನಲ್ಲಿ ಅದ್ದಿದ್ದಾರೋ ಎಂಬುದನ್ನು ಹೇಳುತ್ತವೆ. ಮೃದುವಾದ ಬಿಸಿ ಟೋರ್ಟಿಯಾದ ನಡುವೆ ಹೂರಣವಿಟ್ಟು ಮಡಚಿದರೆ ಟಾಕೊ. ಅದನ್ನೇ ಚಪ್ಪಟೆಯಾಗಿ ಗರಿಗರಿ ಕರಿದು ಮೇಲೆ ಹೂರಣ ಹರಡಿದರೆ ಟೋಸ್ಟಾಡಾ. ಬಿಗಿಯಾಗಿ ಕೊಳವೆಯಂತೆ ಸುತ್ತಿ ಕರಿದರೆ ಫ್ಲೌಟಾ. ಒಣಮೆಣಸಿನಕಾಯಿಯ ಗಟ್ಟಿ ಸಾರಿನಲ್ಲಿ ಅದ್ದಿ, ಹೂರಣ ತುಂಬಿ, ಸುತ್ತಿ, ಮೇಲೆ ಮತ್ತಷ್ಟು ಸಾರು ಸುರಿದರೆ ಎಂಚಿಲಾಡಾ. ಚೀಸ್ ಇಟ್ಟು ಮಡಚಿ ಕಾವಲಿಯ ಮೇಲೆ ಕರಗಿಸಿದರೆ ಕೇಸಡಿಯಾ. ಹಿಂದಿನ ದಿನ ಉಳಿದ ಟೋರ್ಟಿಯಾಗಳನ್ನು ತುಂಡರಿಸಿ, ಕರಿದು, ಸಾಲ್ಸಾ ಎಂಬ ಮೆಣಸಿನ ಚಟ್ನಿಯಲ್ಲಿ ಮೆತ್ತಗಾಗಲು ಬಿಟ್ಟರೆ ಬೆಳಗಿನ ಉಪಾಹಾರದ ಚಿಲಾಕಿಲೆಸ್. ಆದ್ದರಿಂದ ಒಂದೇ ಹೂರಣವನ್ನು ಆರಿಸಿಕೊಂಡು ಟಾಕೊ ಮತ್ತು ಎಂಚಿಲಾಡಾ ಎರಡನ್ನೂ ತಿಂದರೂ ನೀವು ಎರಡು ಬೇರೆ ಊಟ ಮಾಡಿದಂತೆಯೇ.

ಬುರ್ರಿಟೊ ಈ ಸಾಲಿಗೆ ಪೂರ್ತಿಯಾಗಿ ಸೇರುವುದಿಲ್ಲ, ಏಕೆಂದರೆ ಅದರ ಟೋರ್ಟಿಯಾ ಗೋಧಿಯದು. ಗೋಧಿಯನ್ನು ಮೆಕ್ಸಿಕೊಗೆ ತಂದವರು ಸ್ಪೇನಿನವರು. ಒಣಹವೆಯ ಉತ್ತರದ ರಾಜ್ಯಗಳಲ್ಲಿ, ಮುಖ್ಯವಾಗಿ ಸೊನೋರಾದಲ್ಲಿ, ಅದು ಚೆನ್ನಾಗಿ ಬೆಳೆಯಿತು. ಮೆಕ್ಸಿಕೊದಲ್ಲಿ ಬುರ್ರಿಟೊ ಎಂದರೆ ಒಂದೆರಡು ಪದಾರ್ಥಗಳನ್ನು ಮಾತ್ರ ಇಟ್ಟು ಸುತ್ತಿದ ಸಣ್ಣ ತಿನಿಸು. ಅನ್ನ, ಬೀನ್ಸ್, ಮಾಂಸ, ಸಾಲ್ಸಾ, ಬೆಣ್ಣೆಹಣ್ಣು ಎಲ್ಲವನ್ನೂ ತುಂಬಿ ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿಕೊಡುವ ದೊಡ್ಡ ಬುರ್ರಿಟೊ ಸ್ಯಾನ್ ಫ್ರಾನ್ಸಿಸ್ಕೊದ ಮಿಶನ್ ಬಡಾವಣೆಯಲ್ಲಿ 1960ರ ದಶಕದಲ್ಲಿ ರೂಢಿಗೆ ಬಂದದ್ದು.

ಉಳಿದೆಲ್ಲದರ ತಳಹದಿ ಮೆಕ್ಕೆಜೋಳದ ಟೋರ್ಟಿಯಾ. ಅದನ್ನು ಅರಿಯದೆ ಈ ಅಡುಗೆಯನ್ನು ಅರಿಯಲಾಗದೆಂಬುದು ನನ್ನ ದೃಢವಾದ ಅಭಿಪ್ರಾಯ. ಹಾಗಾಗಿ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ದಕ್ಷಿಣ ಮೆಕ್ಸಿಕೊದ ತೆಯೋಸಿಂಟೆ ಎಂಬ ಕಾಡುಹುಲ್ಲನ್ನು ಸುಮಾರು 9,000 ವರ್ಷಗಳ ಹಿಂದೆ ಅಲ್ಲಿಯ ಜನ ಪಳಗಿಸಿ ಮೆಕ್ಕೆಜೋಳವನ್ನಾಗಿ ಮಾಡಿಕೊಂಡರು. ಅದಕ್ಕಿಂತ ದೊಡ್ಡ ಸಾಧನೆ ಆಮೇಲೆ ಬಂದದ್ದು: ಒಣಗಿದ ಕಾಳುಗಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿಯಿಡೀ ಅದರಲ್ಲೇ ನೆನೆಸಿ, ಸಡಿಲವಾದ ಸಿಪ್ಪೆಯನ್ನು ತೊಳೆದು, ಒದ್ದೆಯಿರುವಾಗಲೇ ರುಬ್ಬುವ ಕ್ರಮ. ಹೀಗೆ ಬೇಯಿಸಿದ ಕಾಳಿಗೆ ನಿಷ್ತಮಾಲ್ ಎಂದೂ ರುಬ್ಬಿದ ಹಿಟ್ಟಿಗೆ ಮಾಸಾ ಎಂದೂ ಹೆಸರು. ಸುಣ್ಣವಿಲ್ಲದಿದ್ದರೆ ಮೆಕ್ಕೆಜೋಳದ ಹಿಟ್ಟು ಹೀಗೆ ಒಗ್ಗೂಡಿ ತೆಳುವಾದ ಹಾಳೆಯಾಗುವುದಿಲ್ಲ. ಟೋರ್ಟಿಯಾದ ವಿಶಿಷ್ಟ ಪರಿಮಳವೂ ಬರುವುದಿಲ್ಲ. ಇನ್ನೂ ಮುಖ್ಯವಾಗಿ, ಕಾಳಿನಲ್ಲಿ ಬಂಧಿಯಾಗಿರುವ ನಯಾಸಿನ್ ಎಂಬ ಬಿ ಜೀವಸತ್ವವು ಸುಣ್ಣದಿಂದ ಬಿಡುಗಡೆಯಾಗಿ ದೇಹಕ್ಕೆ ದಕ್ಕುತ್ತದೆ. ಮೆಕ್ಕೆಜೋಳವನ್ನು ಮಾತ್ರ ಒಯ್ದು ಈ ಕ್ರಮವನ್ನು ಬಿಟ್ಟುಬಂದ ಯೂರೋಪಿನ ಬಡ ರೈತರಲ್ಲಿ ಮತ್ತು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳ ಬಡವರಲ್ಲಿ ಪೆಲಾಗ್ರಾ ಎಂಬ ರೋಗ ಹಬ್ಬಿ ಅನೇಕರು ಸತ್ತರು; ಅದೇ ಧಾನ್ಯವನ್ನು ಸಾವಿರಾರು ವರ್ಷ ಉಂಡ ಮೆಕ್ಸಿಕೊದ ಹಳ್ಳಿಗಳಲ್ಲಿ ಆ ರೋಗ ಹಾಗೆ ಕಾಡಲಿಲ್ಲ.

ಇದು ನಿಮ್ಮ ಮುಂದಿನ ಊಟಕ್ಕೂ ಉಪಯೋಗಕ್ಕೆ ಬರುವ ಮಾತು. ಹೊಸ ಹೋಟೆಲಿಗೆ ಹೋದಾಗ ಟೋರ್ಟಿಯಾ ಅಲ್ಲೇ ತಟ್ಟಿದ್ದೇ, ಮೆಕ್ಕೆಜೋಳದ್ದೇ ಎಂದು ಮೊದಲು ಕೇಳಿ. ಹೌದೆಂದಾದರೆ ಟಾಕೊ, ಕೇಸಡಿಯಾ ಅಥವಾ ಮಾಸಾವನ್ನು ದಪ್ಪಗೆ ತಟ್ಟಿ ಅಂಚು ಕಟ್ಟಿ ಮಾಡುವ ಸೋಪೆಯಂತಹ, ಟೋರ್ಟಿಯಾ ಎದ್ದು ಕಾಣುವ ತಿನಿಸನ್ನು ಆರಿಸಿಕೊಳ್ಳಿ. ಪೊಟ್ಟಣದಿಂದ ತೆಗೆದು ಬಿಸಿಮಾಡಿದ್ದಾದರೆ ಸಾರಿನಲ್ಲಿ ನೆನೆಯುವ ಎಂಚಿಲಾಡಾ ಹೆಚ್ಚು ರುಚಿಸುತ್ತದೆ. ಅಡುಗೆಮನೆಯ ಬಲ ಯಾವುದರಲ್ಲಿದೆಯೋ ಅದನ್ನೇ ತರಿಸಿಕೊಂಡಂತಾಗುತ್ತದೆ.

ಪ್ರಶ್ನೆ: ಕುಳಿತ ಕೂಡಲೇ, ನಾವು ಕೇಳದಿದ್ದರೂ, ಒಂದು ಬುಟ್ಟಿ ಚಿಪ್ಸ್ ಮತ್ತು ಸಾಲ್ಸಾ ತಂದಿಟ್ಟರು. ಅದಕ್ಕೆ ಹಣ ಕೊಡಬೇಕೇ? ಜೊತೆಗೆ ಯಾವ ಸಾಲ್ಸಾ ಎಷ್ಟು ಖಾರವೆಂದು ತಿಳಿಯುವುದು ಹೇಗೆ?

ಉತ್ತರ: ಅಮೆರಿಕದ ಬಡಾವಣೆಯ ಹೋಟೆಲುಗಳಲ್ಲಿ ಮೊದಲ ಬುಟ್ಟಿ ಸಾಮಾನ್ಯವಾಗಿ ಉಚಿತ, ಎಷ್ಟೋ ಕಡೆ ಖಾಲಿಯಾದಂತೆ ಮತ್ತೆ ತುಂಬುತ್ತಾರೆ. ಕೆಲವರು ಎರಡನೆಯ ಬುಟ್ಟಿಗೆ, ಇನ್ನು ಕೆಲವರು ಮೊದಲನೆಯದಕ್ಕೂ ಬೆಲೆ ಹಾಕುತ್ತಾರೆ. ಅದು ಮೆನುವಿನಲ್ಲಿ ಬರೆದಿರುತ್ತದೆ, ಇಲ್ಲದಿದ್ದರೆ ಕೇಳುವುದರಲ್ಲಿ ಸಂಕೋಚವೇನೂ ಬೇಡ. ಬೆಣ್ಣೆಹಣ್ಣಿನ ಗ್ವಾಕಮೋಲೆ ಮತ್ತು ಕರಗಿದ ಚೀಸಿನ ಕೇಸೊ ಮಾತ್ರ ಹೆಚ್ಚುಕಡಿಮೆ ಎಲ್ಲ ಕಡೆಯೂ ಪ್ರತ್ಯೇಕ ಬೆಲೆಯವು. ಹಸಿದು ಹೋದವರು ಚಿಪ್ಸ್‌ನಲ್ಲೇ ಹೊಟ್ಟೆ ತುಂಬಿಸಿಕೊಂಡು ಮುಖ್ಯ ಊಟವನ್ನು ಅರ್ಧಕ್ಕೆ ಬಿಡುವುದನ್ನು ಎಲ್ಲ ಮೇಜುಗಳಲ್ಲೂ ಕಾಣಬಹುದು. ಬುಟ್ಟಿಯನ್ನು ಸ್ವಲ್ಪ ದೂರ ಸರಿಸಿಟ್ಟುಕೊಳ್ಳುವುದು ಒಳ್ಳೆಯದು.

ಸಾಲ್ಸಾದ ವಿಷಯದಲ್ಲಿ ಬಣ್ಣ ನೋಡಿ ಖಾರ ಅಳೆಯಲಾಗದು. ಕೆಂಪು ಎಂದರೆ ಹೆಚ್ಚು ಖಾರ, ಹಸಿರು ಎಂದರೆ ಸೌಮ್ಯ ಎಂಬ ನಂಬಿಕೆ ಹಲವರನ್ನು ಕಣ್ಣೀರಿಗೆ ತಂದಿದೆ. ಹಸಿರು ಸಾಲ್ಸಾ ವೆರ್ದೆಯ ಮೈ ಟೊಮಟಿಯೊ ಎಂಬ, ಕಾಗದದಂತಹ ಹೊದಿಕೆಯುಳ್ಳ ಹುಳಿ ಕಾಯಿಯಿಂದ ಆದದ್ದು. ಅದಕ್ಕೆ ಸೇರುವ ಸೆರ್ರಾನೊ ಮೆಣಸಿನಕಾಯಿಯು ಕೆಂಪು ಸಾಲ್ಸಾದ ಒಣಮೆಣಸಿಗಿಂತ ಎಷ್ಟೋ ಸಲ ಖಾರವಾಗಿರುತ್ತದೆ. ಖಾರವನ್ನು ಅಳೆಯುವ ಸ್ಕೋವಿಲ್ ಮಾನದಲ್ಲಿ ಹಲಪೇನ್ಯೊ ಸುಮಾರು 2,500ರಿಂದ 8,000, ಸೆರ್ರಾನೊ 10,000ರಿಂದ 23,000, ಹಬನೇರೊ 1,00,000ರಿಂದ 3,50,000 ಎಂದರೆ ಇವುಗಳ ನಡುವಿನ ಅಂತರ ನಿಮಗೆ ಅರ್ಥವಾದೀತು. ಯುಕತಾನ್ ಪ್ರದೇಶದ ಅಡುಗೆ ಮಾಡುವ ಹೋಟೆಲಿನಲ್ಲಿ ಸಣ್ಣ ಬಟ್ಟಲಲ್ಲಿ ಕಿತ್ತಳೆ ಬಣ್ಣದ ಸಾಲ್ಸಾ ಕಂಡರೆ ಅದು ಹಬನೇರೊದ್ದಿರುವ ಸಾಧ್ಯತೆಯೇ ಹೆಚ್ಚು. ಚಿಪ್ಸ್‌ನ ತುದಿಯನ್ನಷ್ಟೇ ತಾಗಿಸಿ ನೋಡಿ. ಟೊಮೆಟೊ, ಈರುಳ್ಳಿ, ಕೊತ್ತಂಬರಿ ಸೊಪ್ಪು, ಹಸಿಮೆಣಸನ್ನು ಹೆಚ್ಚಿ ನಿಂಬೆ ಹಿಂಡಿದ ಪಿಕೊ ದೆ ಗಾಯೊ ಸಾಮಾನ್ಯವಾಗಿ ಎಲ್ಲಕ್ಕಿಂತ ಸೌಮ್ಯ.

ಖಾರ ತಡೆಯಲಾಗದಷ್ಟಾದರೆ ನೀರು ಕುಡಿಯಬೇಡಿ. ಖಾರದ ಮೂಲವಾದ ಕ್ಯಾಪ್ಸೈಸಿನ್ ನೀರಿನಲ್ಲಿ ಕರಗದೆ ಬಾಯಲ್ಲೆಲ್ಲ ಹರಡುತ್ತದೆ. ಆದರೆ ಹಾಲಿನ ಕೇಸಿನ್ ಪ್ರೋಟೀನು ಅದನ್ನು ಹಿಡಿದು ಒಯ್ಯುತ್ತದೆ. ಮೇಜಿನ ಮೇಲಿರುವ ಕ್ರೆಮಾ ಎಂಬ ಹುಳಿಗೆನೆಯ ಒಂದು ಚಮಚ ಸಾಕು. ಅಂದಹಾಗೆ, ಮೆಣಸಿನಕಾಯಿಯ ಖಾರ ಬೀಜದಲ್ಲಿದೆ ಎನ್ನುವುದು ಸರಿಯಲ್ಲ. ಬೀಜಗಳು ಅಂಟಿಕೊಂಡಿರುವ ಬಿಳಿಯ ತಿರುಳಿನಲ್ಲಿ ಅದು ಉತ್ಪತ್ತಿಯಾಗುತ್ತದೆ.

ಆದರೆ ಈ ಅಡುಗೆಯಲ್ಲಿ ಮೆಣಸಿನಕಾಯಿಯನ್ನು ಖಾರಕ್ಕಾಗಿ ಮಾತ್ರ ಬಳಸುತ್ತಾರೆಂದು ತಿಳಿದರೆ ಅದಕ್ಕೆ ಅನ್ಯಾಯ ಮಾಡಿದಂತೆ. ಹಣ್ಣಾದ ಹಲಪೇನ್ಯೊವನ್ನು ಹೊಗೆಯಲ್ಲಿ ಒಣಗಿಸಿದರೆ ಚಿಪೋಟ್ಲೆ, ಪೊಬ್ಲಾನೊವನ್ನು ಒಣಗಿಸಿದರೆ ಒಣದ್ರಾಕ್ಷಿಯ ಛಾಯೆಯ ಆಂಚೊ. ಖಾರ ಕಡಿಮೆಯಿದ್ದು ಬಣ್ಣ ಮತ್ತು ಕಂಪು ಹೆಚ್ಚಿರುವ ಗ್ವಾಹಿಯೊ ಇನ್ನೊಂದು. ಅಡುಗೆಯವರು ಇವುಗಳನ್ನು ಕಾವಲಿಯ ಮೇಲೆ ಬೆಚ್ಚಗೆ ಮಾಡಿ, ನೆನೆಸಿ, ರುಬ್ಬಿ ಸಾರಿಗೆ ಆಳ ತರುತ್ತಾರೆ. ಆ ಸಾಲ್ಸಾ ಯಾವ ಮೆಣಸಿನದೆಂದು ವಿಚಾರಿಸಿ ನೋಡಿ. ಅಡುಗೆಮನೆಯಿಂದ ಯಾರಾದರೂ ಹೊರಗೆ ಬಂದು ಹೇಳುವ ಸಾಧ್ಯತೆ ಚೆನ್ನಾಗಿಯೇ ಇದೆ.

ಪ್ರಶ್ನೆ: ನಾನು ಶುದ್ಧ ಸಸ್ಯಾಹಾರಿ. ಬೀನ್ಸ್, ಅನ್ನ, ಟೋರ್ಟಿಯಾ ಎಲ್ಲವೂ ಸಸ್ಯಾಹಾರವೇ ಅಲ್ಲವೇ? ಗೆಳೆಯರು ಎಚ್ಚರಿಕೆಯಿಂದಿರು ಎನ್ನುತ್ತಾರೆ.

ಉತ್ತರ: ಗೆಳೆಯರು ಸರಿಯಾಗಿಯೇ ಹೇಳಿದ್ದಾರೆ. ಮೆಕ್ಸಿಕನ್ ಹೋಟೆಲಿನಲ್ಲಿ ಸಸ್ಯಾಹಾರಿಗೆ ಹೊಟ್ಟೆತುಂಬ, ಸಂತೋಷದ ಊಟ ಸಿಗುತ್ತದೆ. ಆದರೆ ಮಾಂಸದ ತುಂಡು ಕಣ್ಣಿಗೆ ಕಾಣದಿದ್ದ ಮಾತ್ರಕ್ಕೆ ತಟ್ಟೆ ಸಸ್ಯಾಹಾರದ್ದೆಂದು ತಿಳಿಯಬಾರದು. ಬೇಯಿಸಿ ಅರೆದು ಕೊಬ್ಬಿನಲ್ಲಿ ಹುರಿಯುವ ಬೀನ್ಸ್‌ಗೆ ಸಾಂಪ್ರದಾಯಿಕವಾಗಿ ಬಳಸುವುದು ಮಾಂತೆಕಾ, ಅಂದರೆ ಹಂದಿಕೊಬ್ಬು. ಟೊಮೆಟೊ ಹಾಕಿ ಮಾಡಿದ ಕೆಂಪು ಅನ್ನವನ್ನು ಅನೇಕ ಕಡೆ ಕೋಳಿಯ ಸಾರಿನಲ್ಲಿ ಬೇಯಿಸುತ್ತಾರೆ. ಮೆಕ್ಕೆಜೋಳದ ಟೋರ್ಟಿಯಾದಲ್ಲಿ ಕಾಳು, ಸುಣ್ಣ, ನೀರಿನ ಹೊರತು ಬೇರೇನೂ ಇರಬೇಕಾಗಿಲ್ಲ, ಆದರೆ ಗೋಧಿ ಟೋರ್ಟಿಯಾದ ಹಿಟ್ಟಿಗೆ ಹಂದಿಕೊಬ್ಬು ಸೇರಿಸುವ ರೂಢಿ ಇದೆ. ಮಾಸಾವನ್ನು ಮೆಕ್ಕೆಜೋಳದ ತೆನೆಯ ಸಿಪ್ಪೆಯಲ್ಲಿ ಕಟ್ಟಿ ಹಬೆಯಲ್ಲಿ ಬೇಯಿಸುವ ತಮಾಲ್, ಒಳಗೆ ಬರೀ ಚೀಸ್ ಮತ್ತು ಮೆಣಸಿನಕಾಯಿ ಇದ್ದರೂ, ಹೊರಗಿನ ಹಿಟ್ಟಿನಲ್ಲಿ ಅದೇ ಕೊಬ್ಬನ್ನು ಹೊಂದಿರಬಹುದು. ಒಣಮೆಣಸು, ಬೀಜಗಳು, ಮಸಾಲೆ, ಕೆಲವೊಮ್ಮೆ ಚಾಕೊಲೇಟ್ ಸೇರಿಸಿ ರುಬ್ಬಿದ ಮೋಲೆ ಎಂಬ ಸಾರನ್ನು ತೆಳುಮಾಡಲು ಕೋಳಿಯ ಸಾರನ್ನೇ ಬಳಸುತ್ತಾರೆ. ಚೀಸ್ ಹೆಪ್ಪುಗಟ್ಟಿಸಲು ಕರುವಿನ ಹೊಟ್ಟೆಯ ರೆನೆಟ್ ಬಳಸಿರಬಹುದೆಂಬುದು ಕಟ್ಟುನಿಟ್ಟಿನವರು ಗಮನಿಸಬೇಕಾದ ಇನ್ನೊಂದು ಅಂಶ.

ಮೆಕ್ಸಿಕೊದಲ್ಲಿ ‘ಸಿನ್ ಕಾರ್ನೆ’, ಅಂದರೆ ಮಾಂಸ ಬೇಡ, ಎಂದಷ್ಟೇ ಹೇಳಿದರೆ ಅದನ್ನು ದನದ ಮಾಂಸ ಬೇಡವೆಂದು ಮಾತ್ರ ತಿಳಿದು ಕೋಳಿ ಅಥವಾ ಹ್ಯಾಮ್ ಹಾಕಿಕೊಡುವುದುಂಟು. ಬಡಿಸುವವರ ದೃಷ್ಟಿಯಲ್ಲಿ ಅದರಲ್ಲಿ ಮೋಸವಿಲ್ಲ. ಹಾಗಾಗಿ ಬಿಡಿಸಿಯೇ ಹೇಳಿ: ‘ಸಿನ್ ಪೋಯೊ’ ಎಂದರೆ ಕೋಳಿ ಬೇಡ, ‘ಸಿನ್ ಹಮೋನ್’ ಎಂದರೆ ಹ್ಯಾಮ್ ಬೇಡ, ‘ಸಿನ್ ಮಾಂತೆಕಾ’ ಎಂದರೆ ಹಂದಿಕೊಬ್ಬು ಬೇಡ, ‘ಸಿನ್ ಕಾಲ್ಡೊ ದೆ ಪೋಯೊ’ ಎಂದರೆ ಕೋಳಿಯ ಸಾರು ಬೇಡ. ಅಮೆರಿಕದಲ್ಲಿ ಎಣ್ಣೆಗೆ ಬದಲಿಸಿಕೊಂಡಿರುವ ಹೋಟೆಲುಗಳು ಬಹಳ, ಬೀನ್ಸ್‌ನಲ್ಲಿ ಹಂದಿಕೊಬ್ಬಿಲ್ಲವೆಂದು ಮೆನುವಿನಲ್ಲೇ ಬರೆಯುವವರೂ ಇದ್ದಾರೆ. ಆದರೂ ಕೇಳುವುದು ನಿಮ್ಮ ಹಕ್ಕು. ಮಾಂಸ ಬೇಯುವ ಕಾವಲಿಯಲ್ಲೇ ನಿಮ್ಮ ಕೇಸಡಿಯಾ ಬೇಯುವುದನ್ನು ನೀವು ಒಪ್ಪುವುದಿಲ್ಲವಾದರೆ, ಜನಸಂದಣಿಯಿಲ್ಲದ ಹೊತ್ತಿನಲ್ಲಿ ಹೋಗಿ ವಿನಂತಿಸಿಕೊಳ್ಳಿ. ಒಂದೇ ಕಾವಲಿ ಇರುವ ಟಾಕೊ ಅಂಗಡಿಯಲ್ಲಿ ಅದು ಸಾಧ್ಯವಾಗದಿರಬಹುದು. ಆಗ ಹಣ್ಣಿನ ಪಾನೀಯ ಕುಡಿದು ಹೊರಡುವುದೇ ಲೇಸು.

ಇನ್ನು ಸಂತೋಷದ ಭಾಗ. ಚೀಸ್ ಮತ್ತು ಬೀನ್ಸ್ ಎಂಬ ಎರಡೇ ಪದಗಳಿಗೆ ನಿಮ್ಮ ಊಟವನ್ನು ಕಟ್ಟಿಹಾಕಬೇಡಿ. ಸುಟ್ಟು ಸಿಪ್ಪೆ ತೆಗೆದ ಪೊಬ್ಲಾನೊ ಮೆಣಸಿನಕಾಯಿಯ ಎಳೆಗಳನ್ನು ಈರುಳ್ಳಿ ಮತ್ತು ಕೆನೆಯಲ್ಲಿ ಬೇಯಿಸಿದ ‘ರಾಹಾಸ್ ಕೋನ್ ಕ್ರೆಮಾ’ವನ್ನು ಬಿಸಿ ಟೋರ್ಟಿಯಾದಲ್ಲಿ ತಿಂದವರು ಮಾಂಸಾಹಾರಿಗಳಾದರೂ ಮತ್ತೊಂದು ಕೇಳುತ್ತಾರೆ. ಮುಳ್ಳು ತೆಗೆದ ಪಾಪಾಸುಕಳ್ಳಿಯ ಎಳೆಯ ದಳ, ಅಂದರೆ ನೋಪಾಲ್, ಹುಳಿಯಾಗಿ, ಸ್ವಲ್ಪ ಲೋಳೆಯಾಗಿ ಇರುತ್ತದೆ. ಕುಂಬಳದ ಹೂವಿನ ಕೇಸಡಿಯಾ ಮಳೆಗಾಲದ ತಿನಿಸು. ಮೆಕ್ಕೆಜೋಳದ ತೆನೆಗೆ ತಗಲುವ ಕಪ್ಪು ಶಿಲೀಂಧ್ರವಾದ ಹುಯಿಟ್ಲಕೋಚೆಯನ್ನು ಬೇರೆಡೆ ರೈತರು ರೋಗವೆಂದು ಕಿತ್ತೆಸೆದರೆ ಮೆಕ್ಸಿಕೊದಲ್ಲಿ ಅದಕ್ಕೆ ತೆನೆಗಿಂತ ಹೆಚ್ಚಿನ ಬೆಲೆ. ಇವೆಲ್ಲ ಪ್ರತಿ ಹೋಟೆಲಿನಲ್ಲೂ ಸಿಗುವುದಿಲ್ಲ, ಆದರೆ ಮೆನುವಿನಲ್ಲಿ ಇಲ್ಲದಿದ್ದರೂ ಅಡುಗೆಮನೆಯಲ್ಲಿ ಇರುವುದುಂಟು. ಮೊಟ್ಟೆ ತಿನ್ನುವವರಿಗೆ ಬೆಳಗಿನ ಹೊತ್ತು ಟೋರ್ಟಿಯಾ ಮೇಲೆ ಮೊಟ್ಟೆ, ಅದರ ಮೇಲೆ ಸಾಲ್ಸಾ ಸುರಿದ ‘ವೇವೋಸ್ ರಾಂಚೆರೋಸ್’ ಇದೆ. ಮೊಟ್ಟೆ ತಿನ್ನದವರು ಕೊನೆಯ ಸಿಹಿಯಲ್ಲಿ ಫ್ಲಾನ್ ಮತ್ತು ತ್ರೆಸ್ ಲೆಚೆಸ್ ಎರಡನ್ನೂ ಬಿಟ್ಟು, ಅಕ್ಕಿ, ಹಾಲು, ಚಕ್ಕೆಯಿಂದ ಮಾಡಿದ ‘ಅರ್ರೋಸ್ ಕೋನ್ ಲೆಚೆ’ಯಲ್ಲಿ ಮೊಟ್ಟೆ ಇಲ್ಲವೆಂದು ಖಚಿತಪಡಿಸಿಕೊಂಡು ಅದನ್ನು ತರಿಸಿಕೊಳ್ಳಬಹುದು.

ಪ್ರಶ್ನೆ: ನಾವು ಕೋಳಿ, ಕುರಿ ತಿನ್ನುತ್ತೇವೆ, ಹಂದಿ ಮತ್ತು ದನದ ಮಾಂಸ ಬೇಡ. ಟಾಕೊ ಅಂಗಡಿಯ ಫಲಕದಲ್ಲಿರುವ ಸ್ಪ್ಯಾನಿಷ್ ಹೆಸರುಗಳಿಂದ ಏನೂ ತಿಳಿಯುವುದಿಲ್ಲ.

ಉತ್ತರ: ಫಲಕದ ಹೆಸರುಗಳು ಎಷ್ಟೋ ಸಲ ಪ್ರಾಣಿಯನ್ನು ಹೇಳದೆ ಬೇಯಿಸಿದ ಬಗೆಯನ್ನು ಅಥವಾ ದೇಹದ ಭಾಗವನ್ನು ಹೇಳುವುದರಿಂದ ಈ ತೊಡಕು. ಅಲ್ ಪಾಸ್ತೋರ್, ಕಾರ್ನಿತಾಸ್, ಕೊಚಿನಿತಾ ಪಿಬಿಲ್ ಮೂರೂ ಹಂದಿಯವು. ಚೊರಿಸೊ ಸಾಮಾನ್ಯವಾಗಿ ಹಂದಿಯದು. ಕಾರ್ನೆ ಅಸಾಡಾ ಮತ್ತು ಸುವಾದೆರೊ ದನದವು. ಲೆಂಗ್ವಾ ಎಂದರೆ ನಾಲಿಗೆ, ಕಬೆಸಾ ಎಂದರೆ ತಲೆಮಾಂಸ, ತ್ರಿಪಾ ಎಂದರೆ ಕರುಳು. ಟಾಕೊ ಅಂಗಡಿಯಲ್ಲಿ ಇವೂ ಹೆಚ್ಚಾಗಿ ದನದವೇ. ಎಚ್ಚರ ಬೇಕಾದದ್ದು ಎರಡು ಹೆಸರುಗಳಲ್ಲಿ. ಬಾರ್ಬಕೋವಾ ಮಧ್ಯ ಮೆಕ್ಸಿಕೊದಲ್ಲಿ ಕುರಿಯದಾದರೆ ಉತ್ತರದಲ್ಲಿ ಮತ್ತು ಟೆಕ್ಸಸ್‌ನಲ್ಲಿ ದನದ್ದು. ಬಿರ್ರಿಯಾ ಹಲಿಸ್ಕೊ ರಾಜ್ಯದಲ್ಲಿ ಆಡಿನ ಮಾಂಸದ ತಿನಿಸಾಗಿ ಹೆಸರಾದದ್ದು, ಆದರೆ ಸಾರಿನಲ್ಲಿ ಅದ್ದಿ ತಿನ್ನುವ ಟಾಕೊ ಆಗಿ ಅಮೆರಿಕದಲ್ಲಿ ಈಗ ಜನಪ್ರಿಯವಾಗಿರುವುದು ಬಹುಮಟ್ಟಿಗೆ ದನದ್ದು. ಕೋಳಿಗೆ ‘ಪೋಯೊ’, ಕುರಿಗೆ ‘ಬೊರ್ರೆಗೊ’, ಆಡಿಗೆ ‘ಚಿವೊ’ ಎಂಬ ಮೂರು ಪದಗಳನ್ನು ನೆನಪಿಟ್ಟುಕೊಂಡರೆ ಕೇಳುವುದು ಸುಲಭ.

ಅಲ್ ಪಾಸ್ತೋರ್ ನೀವು ತಿನ್ನದಿದ್ದರೂ ಅದನ್ನು ಕತ್ತರಿಸುವುದನ್ನು ನೋಡಲೇಬೇಕು. ಲಂಬವಾದ ಕಂಬಿಗೆ ಪದರಪದರವಾಗಿ ಚುಚ್ಚಿದ ಮಾಂಸ ಬೆಂಕಿಯ ಮುಂದೆ ತಿರುಗುತ್ತಿರುತ್ತದೆ, ಮೇಲ್ತುದಿಯಲ್ಲಿ ಅನಾನಸ್ ಇರುತ್ತದೆ. ಈ ವಿಧಾನ ಲೆಬನಾನ್ ಕಡೆಯಿಂದ ವಲಸೆ ಬಂದ ಕುಟುಂಬಗಳದು. ಕುರಿಮಾಂಸದ ಜಾಗಕ್ಕೆ ಹಂದಿ ಬಂದು, ಒಣಮೆಣಸಿನ ಮಸಾಲೆ ಸೇರಿ ಅದು ಮೆಕ್ಸಿಕೊ ನಗರದ ಗುರುತೇ ಆಗಿಹೋಯಿತು.

ಪ್ರಶ್ನೆ: ನಮ್ಮ ಬಡಾವಣೆಯ ಹೋಟೆಲು ಅಸಲಿ ಮೆಕ್ಸಿಕನ್ ಅಲ್ಲ, ಬರೀ ಟೆಕ್ಸ್‌ಮೆಕ್ಸ್ ಎಂದು ಸಹೋದ್ಯೋಗಿಯೊಬ್ಬರು ಹಗುರವಾಗಿ ಮಾತನಾಡಿದರು. ಅಲ್ಲಿಗೆ ಹೋಗುವುದು ವ್ಯರ್ಥವೇ?

ಉತ್ತರ: ಖಂಡಿತ ಅಲ್ಲ, ಮತ್ತು ಆ ‘ಬರೀ’ ಎಂಬ ಪದಕ್ಕೆ ನನ್ನ ಬಲವಾದ ಆಕ್ಷೇಪವಿದೆ. ಟೆಕ್ಸಸ್ 1836ರವರೆಗೆ ಮೆಕ್ಸಿಕೊದ ಭಾಗವಾಗಿತ್ತು. 1848ರ ಗ್ವಾದಲೂಪೆ ಇದಾಲ್ಗೊ ಒಪ್ಪಂದದಲ್ಲಿ ಕ್ಯಾಲಿಫೋರ್ನಿಯಾ ಮತ್ತು ನೈಋತ್ಯದ ಬಹುಭಾಗ ಅಮೆರಿಕದ ಪಾಲಾಯಿತು. ಅಲ್ಲಿ ಮೊದಲೇ ಬಾಳುತ್ತಿದ್ದ ಮೆಕ್ಸಿಕನ್ ಕುಟುಂಬಗಳು ಎಲ್ಲಿಗೂ ಹೋಗದಿದ್ದರೂ ಬೇರೊಂದು ದೇಶದವರಾದರು. ಅವರು ಸಿಕ್ಕಿದ ಗೋಧಿ, ದನದ ಮಾಂಸ, ಹಳದಿ ಚೀಸ್, ಜೀರಿಗೆಯಿಂದ ಕಟ್ಟಿಕೊಂಡ ಅಡುಗೆಯೇ ಟೆಕ್ಸ್‌ಮೆಕ್ಸ್. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಸ್ಯಾನ್ ಆಂಟೋನಿಯೊದ ಚೌಕಗಳಲ್ಲಿ ಸಂಜೆ ದೀಪ ಹಚ್ಚಿಟ್ಟುಕೊಂಡು ಮೆಣಸಿನ ಮಾಂಸದ ಸಾರು ಮಾರುತ್ತಿದ್ದ ಮಹಿಳೆಯರು ತಮ್ಮ ದುಡಿಮೆಯಿಂದ ಮನೆ ನಡೆಸಿದವರು; ಅವರ ಕೈಯಡುಗೆಯನ್ನು ನಕಲಿ ಎನ್ನಲು ನನಗೆ ಬಾಯಿ ಬರುವುದಿಲ್ಲ. ಫಹೀತಾ ದಕ್ಷಿಣ ಟೆಕ್ಸಸ್‌ನ ದನದ ಹುಲ್ಲುಗಾವಲುಗಳ ಕೆಲಸಗಾರರಿಗೆ ದಕ್ಕುತ್ತಿದ್ದ ಅಗ್ಗದ ಮಾಂಸದಿಂದ ಹುಟ್ಟಿತು. ನಾಚೊಸ್ ಗಡಿಯಾಚೆ ಮೆಕ್ಸಿಕೊದ ಪಿಯೆದ್ರಾಸ್ ನೇಗ್ರಾಸ್ ಪಟ್ಟಣದಲ್ಲಿ, 1940ರ ದಶಕದ ಆರಂಭದಲ್ಲಿ, ಇಗ್ನಾಸಿಯೊ ಅನಾಯಾ ಎಂಬ ಹೋಟೆಲ್ ನೌಕರರು ಗಡಿ ದಾಟಿ ಬಂದಿದ್ದ ಅಮೆರಿಕದ ಮಹಿಳೆಯರಿಗಾಗಿ, ಕೈಗೆ ಸಿಕ್ಕ ಟೋರ್ಟಿಯಾ, ಚೀಸ್, ಹಲಪೇನ್ಯೊಗಳಿಂದ ಮಾಡಿಕೊಟ್ಟದ್ದು. ಇಗ್ನಾಸಿಯೊ ಹೆಸರಿನವರನ್ನು ಪ್ರೀತಿಯಿಂದ ನಾಚೊ ಎಂದು ಕರೆಯುತ್ತಾರೆ.

ಮೆಕ್ಸಿಕೊದ ಒಳಗಿನ ಪ್ರಾದೇಶಿಕ ಅಡುಗೆಗಳ ಘನತೆ ಬೇರೆಯೇ, ಅದರಲ್ಲಿ ಅನುಮಾನವಿಲ್ಲ. ಯುನೆಸ್ಕೊ 2010ರಲ್ಲಿ ಮೆಕ್ಸಿಕೊದ ಸಾಂಪ್ರದಾಯಿಕ ಅಡುಗೆಯನ್ನು, ಮಿಚೊವಕಾನ್ ಪ್ರದೇಶವನ್ನು ಮಾದರಿಯಾಗಿಟ್ಟುಕೊಂಡು, ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಓಹಾಕಾದ ಮೋಲೆಗಳನ್ನೋ ಯುಕತಾನಿನ ಪಿಬಿಲ್ ಅನ್ನೋ ಬಯಸಿ ಹೋದವರಿಗೆ ಹಳದಿ ಚೀಸಿನ ತಟ್ಟೆ ಬಂದರೆ ನಿರಾಶೆಯಾಗುವುದು ನ್ಯಾಯವೇ. ಅದಕ್ಕಾಗಿ ಹೋಟೆಲಿನವರು ಯಾವ ಊರಿನವರೆಂದು ಕೇಳಿ, ಆ ಊರಿನ ತಿನಿಸು ಏನಾದರೂ ಮಾಡುತ್ತಾರೆಯೇ ಎಂದು ವಿಚಾರಿಸಿ. ಶನಿವಾರ, ಭಾನುವಾರ ಮಾತ್ರ ಮಾಡುವ, ಸುಣ್ಣದಲ್ಲಿ ಬೇಯಿಸಿದ ದಪ್ಪ ಮೆಕ್ಕೆಜೋಳದ ಸಾರಾದ ಪೊಸೋಲೆಯೋ ಮನೆಯ ತಮಾಲೋ ಗೋಡೆಯ ಮೇಲೆ ಅಂಟಿಸಿದ ಕೈಬರಹದ ಚೀಟಿಯಲ್ಲಿ ಇರುತ್ತದೆ, ಮುದ್ರಿತ ಮೆನುವಿನಲ್ಲಿ ಇರುವುದಿಲ್ಲ.

ಪ್ರಶ್ನೆ: ಅಲರ್ಜಿ ಇರುವವರು ಏನನ್ನು ಗಮನಿಸಬೇಕು?

ಉತ್ತರ: ಗೋಧಿಯ ಗ್ಲುಟೆನ್ ಒಗ್ಗದವರಿಗೆ ಮೆಕ್ಕೆಜೋಳದ ಟೋರ್ಟಿಯಾ ಹಿತ, ಆದರೆ ಗೋಧಿಯ ತಿನಿಸು ಕರಿದ ಎಣ್ಣೆಯಲ್ಲೇ ಚಿಪ್ಸ್ ಕರಿಯುತ್ತಾರೆಯೇ ಎಂದು ಕೇಳಬೇಕು, ಏಕೆಂದರೆ ಸಣ್ಣ ಅಡುಗೆಮನೆಯಲ್ಲಿ ಎರಡು ಬಾಣಲೆ ಇರುವುದು ಅಪರೂಪ. ಎಂಚಿಲಾಡಾದ ಸಾರನ್ನು ಮೈದಾ ಹಾಕಿ, ಮೋಲೆಯನ್ನು ಬ್ರೆಡ್ ಹಾಕಿ ಗಟ್ಟಿಮಾಡುವುದೂ ಇದೆ. ಮೋಲೆಯಲ್ಲಿ ಕಡಲೆಕಾಯಿ, ಬಾದಾಮಿ, ಎಳ್ಳು ಇರುವ ಸಾಧ್ಯತೆ ಹೆಚ್ಚು. ಇವುಗಳ ಅಲರ್ಜಿ ಇರುವವರು ಅದನ್ನು ಮುಟ್ಟದಿರುವುದೇ ಕ್ಷೇಮ.

ಪ್ರಶ್ನೆ: ತಿನ್ನುವ ರೀತಿ, ಬಿಲ್ ಮತ್ತು ಟಿಪ್ಸ್ ಬಗ್ಗೆ ತಿಳಿಸಿ. ಮೆಕ್ಸಿಕೊದಲ್ಲಿ ಊಟ ಮುಗಿದು ಬಹಳ ಹೊತ್ತಾದರೂ ಬಿಲ್ ತರದಿದ್ದುದು ನಮಗೆ ಅಲಕ್ಷ್ಯದಂತೆ ಕಂಡಿತು.

ಉತ್ತರ: ಅದು ಅಲಕ್ಷ್ಯವಲ್ಲ, ಮರ್ಯಾದೆ. ಕೇಳದೆ ಬಿಲ್ ತಂದಿಡುವುದು ಅತಿಥಿಯನ್ನು ಎಬ್ಬಿಸಿ ಕಳಿಸಿದಂತೆ ಎಂಬುದು ಅಲ್ಲಿಯ ಭಾವನೆ. ಊಟದ ನಂತರ ಮೇಜಿನ ಸುತ್ತ ಮಾತನಾಡುತ್ತ ಕೂರುವುದು ಊಟದ ಭಾಗವೇ ಆಗಿದೆ. ಹೊರಡಬೇಕೆನಿಸಿದಾಗ ‘ಲಾ ಕ್ವೆಂತಾ, ಪೋರ್ ಫವೋರ್’ ಎಂದರೆ ಸಾಕು. ದಿನದ ದೊಡ್ಡ ಊಟ ಅಲ್ಲಿ ಮಧ್ಯಾಹ್ನ ಎರಡರಿಂದ ನಾಲ್ಕರ ನಡುವಿನದು. ಫೋಂಡಾ ಎಂಬ ಚಿಕ್ಕ ಹೋಟೆಲುಗಳಲ್ಲಿ ಆ ಹೊತ್ತಿಗೆ ಸೂಪ್, ಅನ್ನ, ಒಂದು ಮುಖ್ಯ ಭಕ್ಷ್ಯ, ಟೋರ್ಟಿಯಾ ಮತ್ತು ಹಣ್ಣಿನ ಪಾನೀಯವನ್ನು ಒಂದೇ ನಿಗದಿತ ಬೆಲೆಗೆ ಕೊಡುವ ‘ಕೊಮಿದಾ ಕೊರ್ರಿದಾ’ ಸಿಗುತ್ತದೆ. ಕಡಿಮೆ ಖರ್ಚಿನಲ್ಲಿ ಮನೆಯಡುಗೆಗೆ ಅತಿ ಹತ್ತಿರದ ರುಚಿ ಬೇಕಾದವರು ಅದನ್ನು ಬಿಟ್ಟು ಬೇರೆಡೆ ಹೋಗಬೇಕಾಗಿಲ್ಲ. ಎದ್ದು ಹೊರಡುವಾಗ ಪಕ್ಕದ ಮೇಜಿನವರು ಅಪರಿಚಿತರಾದರೂ ‘ಪ್ರೊವೆಚೊ’ ಎಂದು ಹಾರೈಸುವುದು ರೂಢಿ. ನಿಮಗೆ ಯಾರಾದರೂ ಹೇಳಿದರೆ ‘ಗ್ರಾಸಿಯಾಸ್’ ಎನ್ನಿ.

ಟಾಕೊವನ್ನು ಕೈಯಲ್ಲೇ ತಿನ್ನಬೇಕು. ಮೊದಲು ನಿಂಬೆ ಹಿಂಡಿ, ಆಮೇಲೆ ಸಾಲ್ಸಾ ಹಾಕಿ, ಟಾಕೊವನ್ನು ನೇರವಾಗಿ ಹಿಡಿದು ತಲೆಯನ್ನು ಓರೆಮಾಡಿದರೆ ಹೂರಣ ಚೆಲ್ಲುವುದಿಲ್ಲ. ಟಾಕೊ ಅಂಗಡಿಗಳಲ್ಲಿ ಎರಡೆರಡು ಟೋರ್ಟಿಯಾ ಇಟ್ಟುಕೊಡುವುದು ಒಂದು ಒದ್ದೆಯಾಗಿ ಹರಿದರೂ ಇನ್ನೊಂದು ತಡೆಯಲೆಂದು. ಬಟ್ಟೆಯಲ್ಲಿ ಸುತ್ತಿ ತಂದಿಟ್ಟ ಟೋರ್ಟಿಯಾಗಳಲ್ಲಿ ಒಂದನ್ನು ತೆಗೆದ ಕೂಡಲೇ ಬಟ್ಟೆಯನ್ನು ಮತ್ತೆ ಮುಚ್ಚಿ, ಇಲ್ಲದಿದ್ದರೆ ಉಳಿದವು ಒಣಗಿ ಬಿರುಸಾಗುತ್ತವೆ. ಎಂಚಿಲಾಡಾಗೆ ಮಾತ್ರ ಫೋರ್ಕ್ ಬೇಕು.

ಟಿಪ್ಸ್‌ನ ಲೆಕ್ಕ ಎರಡು ದೇಶಗಳಲ್ಲಿ ಬೇರೆ. ಮೆಕ್ಸಿಕೊದಲ್ಲಿ ಬಿಲ್ಲಿನ 10ರಿಂದ 15 ಶೇಕಡ ಕೊಡುವುದು ವಾಡಿಕೆ, ಬಿಲ್ಲಿನಲ್ಲಿ ಸೇವಾಶುಲ್ಕ ಮೊದಲೇ ಸೇರಿದೆಯೇ ಎಂದು ನೋಡಿಕೊಳ್ಳಿ. ಅಮೆರಿಕದಲ್ಲಿ ಕುಳಿತು ಉಂಡರೆ 15ರಿಂದ 20 ಶೇಕಡ. ಇದು ಹೆಚ್ಚೆಂದು ದೂರುವವರು ಒಂದು ವಿಷಯ ತಿಳಿದಿರಬೇಕು: ಟಿಪ್ಸ್ ಪಡೆಯುವ ನೌಕರರಿಗೆ ಮಾಲೀಕರು ಕೊಡಬೇಕಾದ ಕನಿಷ್ಠ ನಗದು ಕೂಲಿ ಅಲ್ಲಿಯ ಕೇಂದ್ರ ಕಾನೂನಿನಂತೆ 1991ರಿಂದಲೂ ಗಂಟೆಗೆ 2.13 ಡಾಲರಿನಲ್ಲೇ ನಿಂತಿದೆ. ಟಿಪ್ಸ್ ಸೇರಿಯೂ ಸಾಮಾನ್ಯ ಕನಿಷ್ಠ ಕೂಲಿಯ ಮಟ್ಟ ಮುಟ್ಟದಿದ್ದರೆ ಕೊರತೆಯನ್ನು ಮಾಲೀಕರು ತುಂಬಬೇಕು. ಕ್ಯಾಲಿಫೋರ್ನಿಯಾದಂತಹ ಕೆಲವು ರಾಜ್ಯಗಳು ಪೂರ್ಣ ಕನಿಷ್ಠ ಕೂಲಿಯನ್ನೇ ಕಡ್ಡಾಯ ಮಾಡಿವೆ, ಆದರೆ ಟೆಕ್ಸಸ್‌ನಲ್ಲಿ ಕೇಂದ್ರದ ದರವೇ ಚಾಲ್ತಿಯಲ್ಲಿದೆ. ನಿಮಗೆ ಸಾಲ್ಸಾ ತಂದುಕೊಟ್ಟವರ ಮನೆ ಬಾಡಿಗೆ ಆ ಟಿಪ್ಸ್‌ನಿಂದಲೇ ಹೊರಡಬೇಕಾಗಿರುತ್ತದೆ. ಉಚಿತ ಚಿಪ್ಸ್ ತಿಂದು ಒಂದೇ ಟಾಕೊ ತರಿಸಿಕೊಂಡು ಬಹಳ ಹೊತ್ತು ಕೂತವರು ಶೇಕಡಾವಾರು ಲೆಕ್ಕವನ್ನು ಬದಿಗಿಟ್ಟು ಸ್ವಲ್ಪ ಹೆಚ್ಚೇ ಕೊಡುವುದು ಸರಿ.

ಪ್ರಶ್ನೆ: ಮದ್ಯವಿಲ್ಲದ ಪಾನೀಯಗಳಲ್ಲಿ ಯಾವುದು ಒಳ್ಳೆಯದು? ಉಳಿದ ಊಟವನ್ನು ಮನೆಗೆ ಕಟ್ಟಿಸಿಕೊಂಡು ಹೋಗಬಹುದೇ?

ಉತ್ತರ: ಗಾಜಿನ ದೊಡ್ಡ ಜಾಡಿಗಳಲ್ಲಿ ಕಾಣುವ ಆಗ್ವಾಸ್ ಫ್ರೆಸ್ಕಾಸ್ ಎಂಬ ತಂಪು ಪಾನೀಯಗಳನ್ನೇ ಕೇಳಿ. ದಾಸವಾಳದ ಕುಲಕ್ಕೆ ಸೇರಿದ ಗಿಡವೊಂದರ ಒಣಗಿದ ಕೆಂಪು ಹೂಗಳಿಂದ ಮಾಡಿದ ಹಮೈಕಾ ಹುಳಿಯಾಗಿ, ಕೊಬ್ಬಿನ ಊಟಕ್ಕೆ ಬಹಳ ಒಪ್ಪುತ್ತದೆ. ಅಕ್ಕಿಯನ್ನು ಚಕ್ಕೆಯೊಂದಿಗೆ ನೆನೆಸಿ ರುಬ್ಬಿ ಸೋಸಿದ ಓರ್ಚಾತಾ ಸಿಹಿ. ಕೆಲವರು ಅದಕ್ಕೆ ಹಾಲು ಸೇರಿಸುತ್ತಾರೆ. ಹುಣಸೆಯದೂ ಇರುತ್ತದೆ.

ಕಟ್ಟಿಸಿಕೊಂಡು ಹೋಗುವುದು ಅಮೆರಿಕದಲ್ಲಿ ಸಾಮಾನ್ಯ, ಬಡಿಸುವವರೇ ಡಬ್ಬಿ ತಂದುಕೊಡುತ್ತಾರೆ. ತಮಾಲ್, ಬೀನ್ಸ್, ಅನ್ನ, ಮೋಲೆ ಮರುದಿನಕ್ಕೂ ಚೆನ್ನಾಗಿರುತ್ತವೆ. ತಮಾಲನ್ನು ಸಿಪ್ಪೆ ಬಿಚ್ಚದೆ ಹಬೆಯಲ್ಲೇ ಬಿಸಿಮಾಡಿ. ಟಾಕೊವನ್ನು ಮಾತ್ರ ಜೋಡಿಸಿದ ಮೇಲೆ ಕಟ್ಟಿಸಿಕೊಳ್ಳಬೇಡಿ. ಹೂರಣ, ಸಾಲ್ಸಾ, ಈರುಳ್ಳಿ ಮತ್ತು ಕೊತ್ತಂಬರಿಯನ್ನು ಬೇರೆಬೇರೆ ಡಬ್ಬಿಗಳಲ್ಲಿ ಕೊಡಲು ಹೇಳಿ, ಟೋರ್ಟಿಯಾಗಳನ್ನು ಮನೆಯಲ್ಲಿ ಒಣ ಕಾವಲಿಯ ಮೇಲೆ ಒಂದೊಂದಾಗಿ ಬಿಸಿಮಾಡಿ ಆಗಲೇ ತುಂಬಿಕೊಳ್ಳಿ.